ಡೀಸೆಲ್ ಟ್ಯಾಂಕಿಗೂ ಉಸಿರು ಬೇಕು



ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ತಡೆತಡೆದು ಬೀಳುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಮಾಡಿದ ಕೂಡಲೇ ಧಾರೆ ಸರಾಗವಾಗುತ್ತದೆ. ಅಡುಗೆಮನೆಯಲ್ಲಿ ಎಲ್ಲರಿಗೂ ತಿಳಿದಿರುವ ಈ ಸಂಗತಿಯನ್ನು, ಹಳೆಯ ಪಂಪ್‌ಸೆಟ್ ಎಂಜಿನ್ ಕೂರಿಸಿ ತಾವೇ ಗಾಡಿ ಕಟ್ಟುವ ಜಾಣರು ಮರೆತುಬಿಡುತ್ತಾರೆ.

ಪಾವಗಡದ ಕ್ಯಾತಗಾನಚೆರ್ಲು, ತಿರುಮಣಿ, ವಳ್ಳೂರುಗಳ ಸುತ್ತ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಎದ್ದು ನಿಂತಿದೆ. ಆದರೂ ಉಳುಮೆಗೆ, ಸಾಗಣೆಗೆ ಡೀಸೆಲ್ಲನ್ನು ನಾವಿನ್ನೂ ಬಿಟ್ಟಿಲ್ಲ. ಎಂಜಿನ್ನಿಗೆ, ಗೇರ್ ಪೆಟ್ಟಿಗೆಗೆ ಸಾವಿರಾರು ರೂಪಾಯಿ ಸುರಿದವರು ಟ್ಯಾಂಕಿನ ಸ್ಥಾನಕ್ಕೆ ಹಳೇ ಕ್ಯಾನು ಕಟ್ಟುವುದು ಉಳಿತಾಯವಲ್ಲ, ಅಪಾಯ ಎಂಬುದು ನನ್ನ ಅಭಿಪ್ರಾಯ.

ಎಂಜಿನ್ ಡೀಸೆಲ್ ಎಳೆದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಮುಚ್ಚಳದ ರಂಧ್ರ ಧೂಳಿನಿಂದ ಕಟ್ಟಿಕೊಂಡರೆ ಒಳಗೆ ನಿರ್ವಾತವಾಗಿ, ಸ್ವಲ್ಪ ಹೊತ್ತು ಓಡಿದ ಎಂಜಿನ್ ನಿಂತುಹೋಗುತ್ತದೆ. ಆಗ ನಾಜಲ್ ಕೆಟ್ಟಿತೆಂದು ಬಿಚ್ಚಿಸಲು ಹೋಗಬೇಡಿ. ಮೊದಲು ಮುಚ್ಚಳ ಸಡಿಲಿಸಿ. ಬುಸ್ಸೆಂದು ಗಾಳಿ ಒಳನುಗ್ಗಿ, ಎಂಜಿನ್ ಮತ್ತೆ ಸರಿಯಾಗಿ ಓಡಿದರೆ ತಪ್ಪು ರಂಧ್ರದ್ದೇ.

ಬಿಸಿಲಿನದು ಇದಕ್ಕೆ ವಿರುದ್ಧವಾದ ಕಾಟ. 20 ಲೀಟರ್ ಡೀಸೆಲ್ಲಿನ ಶಾಖ 20 ಡಿಗ್ರಿ ಏರಿದರೆ ಅದು ಸುಮಾರು ಮೂರನೇ ಒಂದು ಲೀಟರಿನಷ್ಟು ಹಿಗ್ಗುತ್ತದೆ. ಆದ್ದರಿಂದ ಕಂಠಮಟ್ಟ ತುಂಬಬಾರದು. ಟ್ಯಾಂಕಿನ ನೆತ್ತಿಯಿಂದ ಸಣ್ಣ ಕೊಳವೆಯೊಂದನ್ನು ಮೇಲಕ್ಕೆ ಒಯ್ದು, ಬಾಯಿಯನ್ನು ಕೆಳಮುಖ ಬಗ್ಗಿಸಿ ಜಾಲರಿ ಕಟ್ಟಿರಿ. ಆ ಬಾಯಿ ಹೊಗೆ ಕೊಳವೆ, ಬ್ಯಾಟರಿಗಳಿಂದ ದೂರವಿರಲಿ. ಗಾಡಿ ಮಗುಚಿದಾಗ ಇಂಧನ ಹೊರಚೆಲ್ಲದಂತೆ ತಡೆಯುವ ಗುಂಡಿನ ಕವಾಟವನ್ನೂ ಅದಕ್ಕೆ ಜೋಡಿಸುವುದು ಲೇಸು.

ಡೀಸೆಲ್ ಹೋಗುವ ಕೊಳವೆಯನ್ನು ತಳಕ್ಕೆ ಅಂಟಿಸದೆ ತುಸು ಮೇಲೆ ಇಡಿ. ನೀರು, ಕಸರು ತಳದಲ್ಲಿ ನಿಲ್ಲುತ್ತವೆ. ಅವನ್ನು ಹೊರಬಿಡಲು ತಳಕ್ಕೊಂದು ತಿರುಪು ಬಿರಡೆ ಬೇಕು. ನಾಜಲ್ಲಿನಿಂದ ಮರಳುವ ಡೀಸೆಲ್ಲಿಗೆ ಟ್ಯಾಂಕಿನ ಮೇಲ್ಭಾಗದಲ್ಲಿ ಬೇರೆ ದಾರಿ ಕೊಡಿ. ನೀರಿನ ಪೈಪು, ಸೈಕಲ್ ಟ್ಯೂಬು ಸಲ್ಲವು. ಇಂಧನಕ್ಕೆಂದೇ ತಯಾರಾದ ಕೊಳವೆಯನ್ನು ಕ್ಲಿಪ್ಪು ಹಾಕಿ ಬಿಗಿಯಿರಿ. ಸತು ಲೇಪಿಸಿದ ತಗಡಿನ ಟ್ಯಾಂಕು ಡೀಸೆಲ್ಲಿಗೆ ಆಗದು.

ಪೆಟ್ರೋಲಾದರೆ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಅದರ ಆವಿ ಗಾಳಿಗಿಂತ ಭಾರ. ತಗ್ಗಿನಲ್ಲಿ ಶೇಖರವಾಗಿ ಕಿಡಿಗಾಗಿ ಕಾಯುತ್ತದೆ. ಜನ ಕೂರುವ ಕಡೆ ಟ್ಯಾಂಕು ಇಡಲೇಬೇಡಿ. ಸೋರುವ ಹಳೆಯ ಟ್ಯಾಂಕಿಗೆ ನೀವಾಗಿ ವೆಲ್ಡಿಂಗ್ ಮಾಡಿಸಬೇಡಿ. ಖಾಲಿಯೆಂದು ಕಂಡರೂ ಒಳಗೆ ಆವಿ ಇರುತ್ತದೆ, ಅದೇ ಸಿಡಿಯುತ್ತದೆ.

ಉತ್ತರ ಭಾರತದಲ್ಲಿ ಇಂಥ ಗಾಡಿಗಳಿಗೆ ಜುಗಾಡ್ ಎನ್ನುತ್ತಾರೆ. ಅದೂ ಮೋಟಾರು ವಾಹನವೇ, ಕಾಯಿದೆಗೆ ಒಳಪಟ್ಟದ್ದೇ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪಿತ್ತಿದೆ. ನೋಂದಣಿಯಿಲ್ಲದ ಗಾಡಿಯನ್ನು ರಸ್ತೆಗಿಳಿಸುವುದು ತಪ್ಪು. ಆದರೆ ಕಾಯಿದೆಯ ಭಯ ಒತ್ತಟ್ಟಿಗಿರಲಿ. ಸ್ವಂತ ಹೊಲದೊಳಗೆ ಓಡಿಸಿದರೂ, ಕಟಾವಿನ ದಿನ ಆ ಗಾಡಿಯ ಮೇಲೆ ಕೂರುವವರು ನಿಮ್ಮ ಮಕ್ಕಳು, ನಿಮ್ಮ ಹೊಲದ ಆಳುಗಳು.

ಕೈಕಸುಬು ಬಲ್ಲ ರೈತನ ಜಾಣ್ಮೆ ದೊಡ್ಡದು. ಅದನ್ನು ಟ್ಯಾಂಕಿನ ಬಳಿಗೆ ಬಂದಾಗ ಕೈಬಿಡಬಾರದು. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ನಿಮ್ಮ ಟ್ಯಾಂಕಿನ ಮುಚ್ಚಳವನ್ನೊಮ್ಮೆ ತೆಗೆದು ನೋಡಿ.