ಜುಗಾಡ್ ಎಂಬ ಹೊಗಳಿಕೆ

ನಮ್ಮ ವಿಚಾರಸಂಕಿರಣಗಳಿಗೆ ‘ಜುಗಾಡ್’ ಎಂಬ ಮಾತು ತುಂಬ ಹಿಡಿಸಿಬಿಟ್ಟಿದೆ. ಹಳೆಯ ಯಂತ್ರವೊಂದನ್ನು ಯಾರಾದರೂ ಮತ್ತೆ ಓಡಿಸಿದರೆ ಸಾಕು, ‘ದೇಸಿ ಜಾಣ್ಮೆ’ ಎಂದು ಪ್ರಬಂಧ ಮಂಡನೆಯಾಗುತ್ತದೆ. ನನಗೆ ಇದು ಹೊಗಳಿಕೆಯ ವೇಷ ತೊಟ್ಟ ತಾತ್ಸಾರವಾಗಿ ಕಾಣುತ್ತದೆ. ಲೆಕ್ಕ ಹಾಕಿ ಮಾಡಿದವನನ್ನು ‘ಹೇಗೋ ಮಾಡಿಬಿಟ್ಟ’ ಎಂದರೆ ಮೆಚ್ಚುಗೆ ಹೇಗಾದೀತು?

ಎಚ್‌ಎಂಟಿ ಟ್ರ್ಯಾಕ್ಟರನ್ನೇ ನೋಡಿ. ಕಂಪನಿ ನಮ್ಮ ಜಾಲಹಳ್ಳಿಯಲ್ಲಿ 1953ರಲ್ಲಿ ಶುರುವಾದದ್ದು. ಟ್ರ್ಯಾಕ್ಟರು ಮಾತ್ರ ಜೆಕೊಸ್ಲೊವಾಕಿಯಾದ ಜೆಟರ್ ಸಹಯೋಗದಲ್ಲಿ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ತಯಾರಾಯಿತು. 2016ರಲ್ಲಿ ಕೇಂದ್ರ ಸಚಿವ ಸಂಪುಟ ಆ ವಿಭಾಗವನ್ನು ಮುಚ್ಚಲು ಒಪ್ಪಿತು. ಹೊಲದಲ್ಲಿದ್ದ ಗಾಡಿಗಳಿಗೆ ಅದು ಗೊತ್ತಾಗಲಿಲ್ಲ, ಉಳುತ್ತಲೇ ಇದ್ದವು. ಹಳೆಯ ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್ ಪಂಪನ್ನು ತಿರುಗಿಸುವ ಗೇರಿನ ಹಲ್ಲು ಸವೆದು ಮುರಿದರೆ, ಎಂಜಿನ್ ಓಡುತ್ತಿದ್ದರೂ ನೇಗಿಲು ಮೇಲೇಳುವುದಿಲ್ಲ. ‘ಸ್ಪೇರ್ ಬರಲ್ಲ, ಮಾರಿಬಿಡಿ’ ಎಂಬ ಸಲಹೆ ತಕ್ಷಣ ಸಿಗುತ್ತದೆ. ಅದರ ಬೆನ್ನಿಗೇ ಹೊಸ ಟ್ರ್ಯಾಕ್ಟರಿನ ಸಾಲವೂ.

ನಿಜವಾದ ಜುಗಾಡ್ ಇಲ್ಲಿ ಯಾವುದು ಗೊತ್ತೆ? ಸವೆದ ಹಲ್ಲಿನ ಮೇಲೆ ವೆಲ್ಡಿಂಗ್ ತುಂಬಿ, ಅರದಿಂದ ಉಜ್ಜಿ ಕೂರಿಸುವುದು. ಇಂಥ ಗೇರಿನ ಮೇಲ್ಪದರ, ಸುಮಾರು ಒಂದು ಮಿಲಿಮೀಟರಿನಷ್ಟು, ಗಡುಸಾಗಿರುತ್ತದೆ; ಒಳಗಿನ ಉಕ್ಕು ಪೆಟ್ಟು ತಡೆಯುವಷ್ಟು ಮೆದು. ವೆಲ್ಡಿಂಗಿನ ಶಾಖ ಈ ಏರ್ಪಾಡನ್ನೇ ಕೆಡಿಸುತ್ತದೆ. ಬಿರುಕು ಬಿಟ್ಟ ಹಲ್ಲು ಉಳುಮೆಯ ನಡುವೆ ಮುರಿಯುತ್ತದೆ, ಅದರ ಚೂರು ಎಣ್ಣೆಯ ಜೊತೆ ಪಂಪು ಸೇರಿದರೆ ಅದೂ ಹೋಯಿತು.

ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನಿಂದ ಎಸ್‌.ಜೆ.ಪಿ. ರಸ್ತೆಗೆ ನಡೆದೇ ಹೋಗಬಹುದು. ಅಲ್ಲಿಯ ಗಲ್ಲಿಗಳ ಲೇತ್ ಅಂಗಡಿಗಳಲ್ಲಿ ಒಳ್ಳೆಯ ಕೆಲಸಗಾರ ಗೇರನ್ನು ಮೊದಲು ಓದುತ್ತಾನೆ. ಹಲ್ಲು ಒಂದೇ ತುದಿಯಲ್ಲಿ ಸವೆದಿದೆಯೆ? ಹಾಗಾದರೆ ಶಾಫ್ಟು ವಾಲಿದೆ, ಬುಶ್ ಸಡಿಲವಾಗಿದೆ; ಅದನ್ನು ಬಿಟ್ಟು ಗೇರು ಬದಲಿಸಿದರೆ ಹೊಸದೂ ಹಾಗೇ ಸವೆಯುತ್ತದೆ. ಹಲ್ಲು ಎಣಿಸಿ, ಹೊರ ವ್ಯಾಸ ಅಳೆಯಬೇಕು. ಸಾಮಾನ್ಯ ಗೇರಿನಲ್ಲಿ ವ್ಯಾಸವನ್ನು ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ ಭಾಗಿಸಿದರೆ ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರದ ಅಳತೆ. 18 ಹಲ್ಲು, 60 ಮಿಲಿಮೀಟರ್ ಆದರೆ 3 ಮಾಡ್ಯೂಲ್. ಬ್ರಿಟಿಷ್ ಮೂಲದ ಗಾಡಿಯಾದರೆ ಇಂಚಿನ ಡಿ.ಪಿ. ಲೆಕ್ಕ ಇರಬಹುದು. 8 ಡಿ.ಪಿ. ಎಂದರೆ 3.175 ಮಾಡ್ಯೂಲ್, ಅದನ್ನು 3 ಎಂದು ಕತ್ತರಿಸಿದರೆ ಜೋಡಿ ಕೂಡುವುದಿಲ್ಲ. ಗೇರು ಎರಡೂ ಬದಿಗೆ ಒಂದೇ ಆಕಾರವಿದ್ದರೆ ತಿರುಗಿಸಿ ಹಾಕುವುದೂ ಉಂಟು, ಒಂದೇ ದಿಕ್ಕಿಗೆ ತಿರುಗುವ ಗೇರಿನಲ್ಲಿ ಹಲ್ಲಿನ ಒಂದು ಮುಖವೇ ಭಾರ ಹೊರುವುದರಿಂದ. ನೋಡಿದವರು ಇದನ್ನೂ ಜುಗಾಡ್ ಅಂದಾರು! ಆಗದಿದ್ದರೆ ಮಿಶ್ರಲೋಹದ ಉಕ್ಕಿನಲ್ಲಿ ಜೋಡಿಯನ್ನೇ ಹೊಸದಾಗಿ ಕತ್ತರಿಸಿ, ಮೇಲ್ಪದರ ಗಡುಸು ಮಾಡಿಸಬೇಕು. ಸವೆದದ್ದರ ಜೊತೆ ಕೂಡಿಸಿದ ಹೊಸ ಗೇರು ಬಾಳುವುದಿಲ್ಲ.

2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ದುರಸ್ತಿಯ ಹಕ್ಕು’ ಜಾಲತಾಣ ತೆರೆದಾಗ ಕೃಷಿ ಯಂತ್ರಗಳನ್ನೂ ಸೇರಿಸಿತು. ಒಳ್ಳೆಯದೇ. ಆದರೆ ಮುಚ್ಚಿದ ವಿಭಾಗದ ಗಾಡಿಗೆ ಹಕ್ಕು ಕೇಳುವುದು ಯಾರನ್ನು? ಎಚ್‌ಎಂಟಿ ಸಾರ್ವಜನಿಕ ಹಣದ ಉದ್ಯಮ. ಅದರ ಗೇರುಗಳ ನಕ್ಷೆ, ಉಕ್ಕಿನ ದರ್ಜೆ, ಗಡಸುತನದ ಅಂಕಿ ಎಲ್ಲವನ್ನೂ ಸರ್ಕಾರ ಬಹಿರಂಗಪಡಿಸಲಿ. ಪರವಾನಗಿಯ ತೊಡಕಿದ್ದರೆ ಅದನ್ನು ಬಿಡಿಸಲಿ. ಅಲ್ಲಿಯವರೆಗೆ, ಮುಂದಿನ ಸಂಕಿರಣಕ್ಕೆ ಜುಗಾಡ್ ಬಗ್ಗೆ ಬರೆಯಹೊರಟ ನನ್ನ ಸಹಸಂಶೋಧಕರು ಒಂದು ವರ್ನಿಯರ್ ಕೊಂಡು ಎಸ್‌.ಜೆ.ಪಿ. ರಸ್ತೆಗೆ ಹೋಗಿ, ಕೆಲಸಗಾರನ ಮಾತಿನಲ್ಲೇ ಒಂದು ಗೇರಿನ ಅಳತೆ ಬರೆದುಕೊಂಡು ಬರಲಿ.