ಗಡಿಯಾರ ಒತ್ತಿದ ಕೈ ಯಾರದು?

ಹೈಸ್ಕೂಲಿನಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದಾಗ ನಾನು ಮಾಡಿದ ಒಂದು ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ತಾಲ್ಲೂಕು ಕ್ರೀಡಾಕೂಟಕ್ಕೆ ನೂರು ಮೀಟರ್ ಓಟದ ಹುಡುಗಿಯರನ್ನು ಆರಿಸಬೇಕಿತ್ತು. ಮೈದಾನ ಚಿಕ್ಕದು, ಎರಡು ಗುಂಪು ಮಾಡಿ ಓಡಿಸಿದೆವು. ಮೊದಲ ಗುಂಪಿಗೆ ಗಡಿಯಾರ ಹಿಡಿದವನು ನಾನು, ಎರಡನೆಯದಕ್ಕೆ ಸಹೋದ್ಯೋಗಿಯೊಬ್ಬರು. ಬಾವುಟ ಕೆಳಗಿಳಿದದ್ದನ್ನು ಕಂಡು ನಾನು ಒತ್ತಿದೆ. ಅವರು ಸೀಟಿ ಕೇಳಿ ಒತ್ತಿದರು. ನನ್ನ ಗುಂಪಿನ ಹುಡುಗಿಗೆ 15.1 ಸೆಕೆಂಡು, ಅವರ ಗುಂಪಿನವಳಿಗೆ 14.9. ಉಳಿದಿದ್ದದ್ದು ಒಂದೇ ಸ್ಥಾನ. ನನ್ನ ಗುಂಪಿನ ಹುಡುಗಿ ಅಳುತ್ತಾ ಮನೆಗೆ ಹೋದಳು.

ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಸೀಟಿಯ ಸದ್ದು ನೂರು ಮೀಟರ್ ದಾಟಿ ಬರಲು ಸುಮಾರು 0.3 ಸೆಕೆಂಡು ಬೇಕು. ಅಂದರೆ ಸಹೋದ್ಯೋಗಿಯ ಗಡಿಯಾರ ಅಷ್ಟು ತಡವಾಗಿ ಹೊರಟಿತ್ತು. ಸೋತವಳೇ ಗೆದ್ದವಳಿಗಿಂತ ವೇಗವಾಗಿ ಓಡಿದ್ದಿರಬೇಕು. ಸದ್ದು ಕೇಳಿಯಲ್ಲ, ಪಿಸ್ತೂಲಿನ ಹೊಗೆ ನೋಡಿ ಗಡಿಯಾರ ಒತ್ತಬೇಕೆಂದು ನಾನೇ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು. ಆದರೆ ಓದಿದ್ದು ಪರೀಕ್ಷೆಗೆ, ಮೈದಾನಕ್ಕಲ್ಲ.

ಈ ಹಳೆಯ ಕಥೆ ಏಕೆಂದರೆ, ಮುಂದೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪ್ರಬಂಧಗಳನ್ನು ಓದುವ ಯೋಗ ನನ್ನ ಪಾಲಿಗೆ ಬಂತು. ಕಬಡ್ಡಿ ಮತ್ತು ಖೋ ಖೋ ಆಟಗಾರರ ತೌಲನಿಕ ಅಧ್ಯಯನ. ಆರು ವಾರಗಳ ಪ್ರಾಣಾಯಾಮದಿಂದ ಉಸಿರು ಹಿಡಿಯುವ ಸಾಮರ್ಥ್ಯದಲ್ಲಾಗುವ ಬದಲಾವಣೆ. ಕಟ್ಟು ಅಂದ, ಹೊದಿಕೆಯ ಮೇಲೆ ಚಿನ್ನದ ಅಕ್ಷರ, ಒಳಗೆ ಕೋಷ್ಟಕಗಳ ಸಾಲು. ಕೊನೆಯಲ್ಲಿ ತಪ್ಪದೆ ಬರುವ ವಾಕ್ಯ: ಸಾರ್ಥಕ ವ್ಯತ್ಯಾಸ ಕಂಡುಬಂದಿದೆ. ಪ್ರಾಣಾಯಾಮ ಮಾಡದ ಇನ್ನೊಂದು ಗುಂಪು ಎಲ್ಲಿ ಎಂದು ಕೇಳಿದರೆ ಉತ್ತರವಿಲ್ಲ. ಎರಡನೆಯ ಸಲ ಉಸಿರು ಹಿಡಿಯುವವನಿಗೆ ಆ ಪರೀಕ್ಷೆಯೇ ರೂಢಿಯಾಗಿ ಹೆಚ್ಚು ಹೊತ್ತು ಹಿಡಿದಿರಬಹುದಲ್ಲ ಎಂದರೆ ಮೌನ. ಲೆಕ್ಕ ಮಾಡಿದವರು ಯಾರು? 'ಡಿ.ಟಿ.ಪಿ. ಅಂಗಡಿಯಲ್ಲಿ ಮಾಡಿಸಿದೆ ಸರ್.' ಪಾಪ, ಹುಡುಗ ಸತ್ಯವನ್ನೇ ಹೇಳಿದ. ತಪ್ಪು ಅವನದಲ್ಲ, ಕಲಿಸಿದ ನಮ್ಮದು.

ನಾವು ಕಲಿಸುವುದೇ ತಲೆಕೆಳಗಾಗಿ. ಮೊದಲು ಸೂತ್ರ, ಆಮೇಲೆ ಕಂಪ್ಯೂಟರು, ಸಮಯ ಉಳಿದರೆ ಪ್ರಶ್ನೆ. ನಾವು ಗಿಳಿಪಾಠ ಮಾಡಿಸುವ ಟಿ-ಪರೀಕ್ಷೆಯನ್ನು ರೂಪಿಸಿದ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ. ಕೆಲವೇ ಮಾದರಿಗಳಿಂದ ಎಷ್ಟು ನಂಬಬಹುದು ಎಂಬ ಪ್ರಶ್ನೆ ಅವನ ದಿನದ ಕೆಲಸದಲ್ಲೇ ಹುಟ್ಟಿತು; 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಉತ್ತರ ಪ್ರಕಟಿಸಿದ. ನಮ್ಮ ವಿದ್ಯಾರ್ಥಿಯ ಬಳಿ ಅವನ ಸೂತ್ರವಿದೆ, ಪ್ರಶ್ನೆಯಿಲ್ಲ. 0.05 ಎಂಬ ಗೆರೆ ದಾಟಿದರೆ ಮೋಕ್ಷ. ಆ ಸಂಖ್ಯೆ ಪರಿಣಾಮದ ಗಾತ್ರವನ್ನಾಗಲಿ ಮಹತ್ವವನ್ನಾಗಲಿ ಅಳೆಯುವುದಿಲ್ಲವೆಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಹೇಳಿಕೆಯನ್ನೇ ಹೊರಡಿಸಿತು. ನಮ್ಮ ಟಿಪ್ಪಣಿ ಪುಸ್ತಕಗಳಿಗೆ ಆ ಸುದ್ದಿ ಮುಟ್ಟಿಲ್ಲ.

ಸಂಶೋಧನೆಯೆಂದರೇನೆಂದು ತೋರಿಸಲು ಲಂಡನ್ನಿನ ಬಸ್ಸು ಸಾಕು. ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಅಲ್ಲಿನ ಸುಮಾರು 31,000 ಸಾರಿಗೆ ನೌಕರರ ವಿವರ ಕಲೆಹಾಕಿದರು. ದಿನವಿಡೀ ಕೂತು ಓಡಿಸುವ ಡ್ರೈವರುಗಳಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಎಂದು 1953ರಲ್ಲಿ ಪ್ರಕಟಿಸಿದರು. ಆದರೆ ಅಲ್ಲಿಗೇ ಬಿಡಲಿಲ್ಲ. ನೌಕರರ ಸಮವಸ್ತ್ರದ ದಾಖಲೆ ತೆರೆದು ಪ್ಯಾಂಟಿನ ಸೊಂಟದ ಅಳತೆ ನೋಡಿದರು. ಡ್ರೈವರುಗಳ ಸೊಂಟ ಚಿಕ್ಕ ವಯಸ್ಸಿನಲ್ಲೇ ದಪ್ಪ! ಹಾಗಾದರೆ ಕೂತದ್ದರಿಂದ ರೋಗ ಬಂತೋ, ದಪ್ಪಗಿದ್ದವರೇ ಡ್ರೈವರಾದರೋ? ತಮ್ಮ ತೀರ್ಮಾನವನ್ನೇ ಅಲುಗಾಡಿಸಬಲ್ಲ ಆ ಅಂಕಿಗಳನ್ನು 1956ರಲ್ಲಿ ಅವರೇ ಅಚ್ಚುಹಾಕಿಸಿದರು. ಸಂಶೋಧನಾ ವಿಧಾನವೆಂದರೆ ಇದು: ತನ್ನ ಮಾತನ್ನು ತಾನೇ ಅನುಮಾನಿಸುವ ಧೈರ್ಯ. ಇದಕ್ಕೆ ಯಾವ ತಂತ್ರಾಂಶವೂ ಬೇಡ.

'ನಮ್ಮ ಹುಡುಗರು ಹಳ್ಳಿಯವರು, ಗಣಿತವೆಂದರೆ ಹೆದರುತ್ತಾರೆ, ಹೇಗೋ ದಾಟಿಸಬೇಕು' ಎನ್ನುವ ಪ್ರಾಧ್ಯಾಪಕರುಂಟು. ಈ ಕರುಣೆ ನನಗೆ ಅವಮಾನವಾಗಿ ಕಾಣುತ್ತದೆ. ಕೊನೆಯ ಐದು ಓವರಿಗೆ ಎಷ್ಟು ರನ್ ಬೇಕೆಂದು ಬಾಯಲ್ಲೇ ಲೆಕ್ಕ ಹಾಕುವ ಹುಡುಗ ಸರಾಸರಿಗೆ ಹೆದರುತ್ತಾನೆಯೇ? ಅವನು ಹೆದರುವುದು ಅರ್ಥ ಹೇಳದ ಸೂತ್ರಕ್ಕೆ.

ಮೊದಲ ತಿಂಗಳು ಕಂಪ್ಯೂಟರ್ ಕೋಣೆಗೆ ಬೀಗ ಹಾಕಿ. ಒಬ್ಬನನ್ನು ಓಡಿಸಿ, ಹತ್ತು ಮಂದಿಯ ಕೈಗೆ ಗಡಿಯಾರ ಕೊಡಿ. ಹತ್ತು ಅಂಕಿ ಬರುತ್ತವೆ. ಏಕೆ ಬೇರೆಬೇರೆ ಎಂದು ಅವರೇ ಜಗಳವಾಡಲಿ. ದೋಷ, ಸರಾಸರಿ, ವಿಚಲನೆ ಎಲ್ಲವೂ ಆ ಜಗಳದಿಂದಲೇ ಹುಟ್ಟಲಿ. ಸೂತ್ರ ಆಮೇಲೆ ಬರಲಿ; ಆಗ ಅದು ಅವರದೇ ಆಗಿರುತ್ತದೆ.

ಇವರೆಲ್ಲ ನಾಳೆ ಶಾಲೆಗಳಿಗೆ ಹೋಗುವವರು. ಇವರು ಬರೆದ ಅಂಕಿಯ ಮೇಲೆ ಯಾವುದೋ ಮಗು ತಂಡಕ್ಕೆ ಸೇರುತ್ತದೆ, ಇನ್ನೊಂದು ಹೊರಗುಳಿಯುತ್ತದೆ. ಆದ್ದರಿಂದ ಮೌಖಿಕ ಪರೀಕ್ಷೆಗೆ ಕೂರುವ ಹಿರಿಯರಲ್ಲಿ ನನ್ನದೊಂದೇ ಬೇಡಿಕೆ: ಟಿ ಮೌಲ್ಯ ಎಷ್ಟೆಂದು ಕೇಳುವ ಮೊದಲು, ಗಡಿಯಾರ ಒತ್ತಿದವರು ಯಾರು, ಏನನ್ನು ನೋಡಿ ಒತ್ತಿದರು ಎಂದು ಕೇಳಿ. ಅದಕ್ಕೆ ಉತ್ತರವಿಲ್ಲದ ಪ್ರಬಂಧವನ್ನು ವಾಪಸು ಕಳಿಸಿ.