ಆಟದ ರೈಲೂ ಊರಿನ ಅಂಗಡಿಯೂ

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ಪೇಟೆಗಳಿಗೆ ರೈಲು ಇನ್ನೂ ಬಂದಿಲ್ಲ. ಸಿದ್ದಾಪುರದವರಿಗೆ ಸಮೀಪದ ನಿಲ್ದಾಣವೆಂದರೆ ಸುಮಾರು ಹದಿನೈದು ಕಿಲೋಮೀಟರು ದೂರದ ತಾಳಗುಪ್ಪ. 1940ರಲ್ಲಿ ಅಲ್ಲಿಗೆ ಬಂದ ಹಳಿ ಅಲ್ಲಿಯೇ ಕೊನೆಗೊಂಡಿತು. ಶಿರಸಿಯವರು ಘಟ್ಟವಿಳಿದು ಕುಮಟೆಗೋ, ಬಯಲುಸೀಮೆಯತ್ತ ಹುಬ್ಬಳ್ಳಿಗೋ ಹೋಗಬೇಕು. ಯಲ್ಲಾಪುರದ ಮೇಲೆ ಹಾಯಬೇಕಾದ ಹುಬ್ಬಳ್ಳಿ–ಅಂಕೋಲೆ ಮಾರ್ಗದ ಮಾತು ದಶಕಗಳಿಂದ ನಡೆದಿದೆ. ಕಾಡಿನ ಪ್ರಶ್ನೆಯೂ ಅದರ ಜೊತೆಯಲ್ಲಿಯೇ ನಡೆದುಬಂದಿದೆ. ಇಂತಹ ಸೀಮೆಯ ವಿದ್ಯಾರ್ಥಿಯೊಬ್ಬನು ತನ್ನ ಮನೆಯ ಜಗುಲಿಯ ಮೇಲಾದರೂ ಒಂದು ಮಾದರಿ ರೈಲನ್ನು ಓಡಿಸಬಯಸಿದರೆ, ಅದಕ್ಕೆ ಬೇಕಾದ ಸಾಮಗ್ರಿಯನ್ನು ಅವನು ಎಲ್ಲಿ ಕೊಳ್ಳಬೇಕು? ಊರಿನ ಅಂಗಡಿಯಲ್ಲೋ, ಅಂತರ್ಜಾಲದ ಅಂಗಡಿಯಲ್ಲೋ? ಮೇಲುನೋಟಕ್ಕೆ ಇದು ಜೇಬಿನ ಲೆಕ್ಕವೆಂದು ತೋರಬಹುದು. ವಿಜ್ಞಾನವನ್ನು ಕೈಯಿಂದ ಕಲಿಯುವ ಬಗೆಯೂ ಇದರಲ್ಲಿ ಸೇರಿಕೊಂಡಿದೆ ಎಂಬುದನ್ನು ತರುಣ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮಾದರಿ ರೈಲೆಂದರೆ ಮಕ್ಕಳಾಟವೆಂದು ನಗುವವರುಂಟು. ಆಟ ಹೌದು, ಆದರೆ ತೂಕ, ವೇಗ, ಘರ್ಷಣೆ, ವಿದ್ಯುತ್ಪ್ರವಾಹ, ಅನುಪಾತ ಇವೈದನ್ನೂ ಒಟ್ಟಿಗೆ ಕಲಿಸುವ ಮತ್ತೊಂದು ಆಟವನ್ನು ಹುಡುಕುವುದು ಸುಲಭವಲ್ಲ. 1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯು ಲೈಪ್ಜಿಗ್ ನಗರದ ವ್ಯಾಪಾರಮೇಳದಲ್ಲಿ, ಗೊತ್ತಾದ ಅಳತೆಯ ಹಳಿಗಳ ಮೇಲೆ ಓಡುವ, ಬೇಕಾದಂತೆ ವಿಸ್ತರಿಸಬಹುದಾದ ಆಟದ ರೈಲನ್ನು ಪ್ರದರ್ಶಿಸಿತು. 1901ರಲ್ಲಿ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬಾತನು ರಂಧ್ರಗಳುಳ್ಳ ಲೋಹದ ಪಟ್ಟಿಗಳನ್ನು ಜೋಡಿಸುವ ಆಟಿಕೆಗೆ ಪೇಟೆಂಟು ಪಡೆದನು. ಮೆಕ್ಯಾನೋ ಎಂದು ಲೋಕಪ್ರಸಿದ್ಧವಾದುದು ಅದೇ. 1920ರಲ್ಲಿ ಅವನ ಕಂಪನಿಯು ಕೀಲಿ ಕೊಟ್ಟು ಓಡಿಸುವ ರೈಲುಗಳನ್ನೂ ಮಾರಾಟಕ್ಕೆ ತಂದಿತು. ಇವೆಲ್ಲಕ್ಕೂ ಸಮಾನವಾದ ಒಂದು ಗುಣವುಂಟು: ಇವು ಒಮ್ಮೆಗೇ ಕೊಂಡು ಮುಗಿಸುವ ವಸ್ತುಗಳಲ್ಲ, ಇಂದು ಒಂದು ಹಳಿ, ನಾಳೆ ಒಂದು ಗಾಲಿ ಎಂದು ಕೂಡಿಸುತ್ತ ಹೋಗಬೇಕಾದವು. ಆದುದರಿಂದ ಎಲ್ಲಿ ಕೊಳ್ಳಬೇಕೆಂಬುದು ಒಂದು ದಿನದ ಪ್ರಶ್ನೆಯಾಗಿ ಉಳಿಯದೆ ವರ್ಷಗಟ್ಟಲೆಯ ಪ್ರಶ್ನೆಯಾಗುತ್ತದೆ.

ಕೊಳ್ಳುವ ಮೊದಲು ಲೆಕ್ಕ ಹಾಕುವುದನ್ನು ಕಲಿಯಬೇಕು. ಮಾದರಿ ರೈಲುಗಳಲ್ಲಿ ಅತ್ಯಂತ ಹೆಚ್ಚಾಗಿ ದೊರೆಯುವ ಅಳತೆಗೆ ಎಚ್‌ಓ ಎಂದು ಹೆಸರು. ನಿಜವಾದ ರೈಲಿನ 87ರಲ್ಲಿ ಒಂದು ಪಾಲು ಎಂಬುದು ಅದರ ಅನುಪಾತ. ಅದರ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರು. ಇದನ್ನು 87ರಿಂದ ಗುಣಿಸಿದರೆ 1,435 ಮಿಲಿಮೀಟರು ಬರುತ್ತದೆ. ಯುರೋಪು, ಅಮೆರಿಕಗಳಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಹಳಿಯ ಅಗಲ ಇದು. ನಮ್ಮ ದೇಶದ ಅಗಲಹಳಿಯಾದರೋ 1,676 ಮಿಲಿಮೀಟರು. ಅದನ್ನು 87ರಿಂದ ಭಾಗಿಸಿದರೆ 19.3 ಮಿಲಿಮೀಟರು ಆಗಬೇಕು. ಅಂದರೆ ಭಾರತದ ಗಾಡಿಯನ್ನು ಎಚ್‌ಓ ಹಳಿಯ ಮೇಲೆ ನಿಲ್ಲಿಸಿದಾಗ, ಅದು ತನಗೆ ಸಲ್ಲಬೇಕಾದುದಕ್ಕಿಂತ ಸುಮಾರು 2.8 ಮಿಲಿಮೀಟರು ಕಿರಿದಾದ ದಾರಿಯಲ್ಲಿ ನಿಂತಿರುತ್ತದೆ. ಮಾರಾಟದ ಚಿತ್ರಪಟವು ಇದನ್ನು ಹೇಳುವುದಿಲ್ಲ. ಹೈಸ್ಕೂಲಿನ ಗಣಿತ ಹೇಳುತ್ತದೆ.

ಅದೇ ಗಣಿತದಿಂದ ಒಂದು ಸಂತೋಷದ ಸಂಗತಿಯೂ ಹೊರಬೀಳುತ್ತದೆ. ತಾಳಗುಪ್ಪಕ್ಕೆ ಮೊದಲು ಬಂದುದು ಮೀಟರ್ ಗೇಜ್ ಹಳಿ. ಅದು ಅಗಲಹಳಿಯಾಗಿ ಮಾರ್ಪಡುವ ಮೊದಲು ಅಲ್ಲಿ ರೈಲುಬಸ್ಸು ಓಡುತ್ತಿದ್ದುದನ್ನು ಸಿದ್ದಾಪುರದ ಹಿರಿಯರು ಬಲ್ಲರು. ಆ ರೈಲುಬಸ್ಸನ್ನು 60ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಕಟ್ಟಿದರೆ, 16.5 ಮಿಲಿಮೀಟರಿನ ಹಳಿಯು 990 ಮಿಲಿಮೀಟರಿಗೆ, ಎಂದರೆ ಹೆಚ್ಚುಕಡಿಮೆ ಮೀಟರ್ ಗೇಜಿಗೆ ಸರಿಯಾಗುತ್ತದೆ. ಹಳಿ ಪರದೇಶದ್ದಾಗಿರಬಹುದು, ಓಡುವ ಗಾಡಿ ನಮ್ಮ ನೆರೆಯದ್ದೇ ಆಗುತ್ತದೆ. ಆ ಗಾಡಿಯ ಮೈಯನ್ನು ಅಂತರ್ಜಾಲದಲ್ಲಿ ಹುಡುಕುವುದಕ್ಕಿಂತ ರಟ್ಟು, ತೆಳುಹಲಗೆಗಳಿಂದ ತಾನೇ ಕಟ್ಟುವುದು ಮೇಲು.

ಈಗ ಎರಡು ಬಗೆಯ ಅಂಗಡಿಗಳನ್ನೂ ನ್ಯಾಯವಾಗಿ ತೂಗಿ ನೋಡೋಣ. ಮಾದರಿ ರೈಲಿಗೆಂದೇ ಮೀಸಲಾದ ಅಂಗಡಿಯನ್ನು ಈ ಮೂರು ಪೇಟೆಗಳಲ್ಲಿ ನಿರೀಕ್ಷಿಸುವುದು ಸಾಧುವಲ್ಲ. ವರ್ಷಕ್ಕೆ ಎರಡು ಮೂರು ಗಿರಾಕಿಗಳು ಕೇಳಬಹುದಾದ ಸರಕಿಗೆ ವ್ಯಾಪಾರಿಯು ಬಂಡವಾಳ ಹೂಡಿ ಕುಳಿತಿರಲಾರನು. ಚಿಕ್ಕ ಮೋಟಾರು, ಅಚ್ಚುಕಟ್ಟಾದ ಗಾಲಿ, ಹಳಿ ಈ ಮೂರಕ್ಕೆ ಬೇಕಾದ ನಯ ಎಷ್ಟೆಂದರೆ, ಗಾಲಿಯು ಕೂದಲೆಳೆಯಷ್ಟು ಓರೆಯಾದರೂ ಗಾಡಿ ಕುಲುಕುತ್ತದೆ. ಇವನ್ನು ಊರಿನ ಲೇತಿನಲ್ಲಿ ತಿರುಗಿಸಿ ಪಡೆಯುವುದು ಕಷ್ಟ. ಅಂತರ್ಜಾಲದ ಅಂಗಡಿಯು ಇವನ್ನು ಯಲ್ಲಾಪುರದ ಕಾಡಂಚಿನ ಮನೆಗೂ ಬೆಂಗಳೂರಿನ ಮಹಡಿ ಮನೆಗೂ ಒಂದೇ ರೀತಿಯಲ್ಲಿ ಕಳುಹಿಸುತ್ತದೆ. ಹಳ್ಳಿಯ ಹುಡುಗ ಹುಡುಗಿಯರಿಗೆ ಇದು ಸಣ್ಣ ಉಪಕಾರವಲ್ಲ. ಇದನ್ನು ಜರೆಯುವುದು ಕೃತಘ್ನತೆಯಾದೀತು.

ಹಾಗೆಂದು ದೂರದ ಸರಕೆಲ್ಲವೂ ಅಗ್ಗವೆಂದು ತಿಳಿಯಬಾರದು. ಆಟಿಕೆಗಳ ಮೇಲಿನ ಮೂಲ ಆಮದು ಸುಂಕವು 2020ರಲ್ಲಿ ಶೇಕಡಾ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿತು. ಅಳತೆಗೆ ತಗ್ಗಿಸಿದ ಮಾದರಿಗಳೂ ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಗುಂಪಿಗೇ ಸೇರುತ್ತವೆ. ಇದಲ್ಲದೆ, ಒಂದು ಚಿಕ್ಕ ತಿರುಪುಮೊಳೆಗಾಗಿ ತರಿಸಿದ ಪೊಟ್ಟಣದ ಸಾಗಣೆ ವೆಚ್ಚವು ಮೊಳೆಯ ಬೆಲೆಯನ್ನೇ ಮೀರುವುದುಂಟು. ಬಂದ ವಸ್ತು ಒಡೆದಿದ್ದರೆ ಮರಳಿ ಕಳುಹಿಸಿ ಇನ್ನೊಂದು ಬರುವವರೆಗೆ ರಜೆಯೇ ಮುಗಿದುಹೋಗಬಹುದು.

ಇನ್ನು ಊರಿನ ಪೇಟೆ. ರೈಲಿನ ಅಂಗಡಿ ಇಲ್ಲವೆಂದಮಾತ್ರಕ್ಕೆ ರೈಲಿಗೆ ಬೇಕಾದುದು ಇಲ್ಲವೆಂದಲ್ಲ. ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ತಿರುಪು, ತಂತಿ, ಅಂಟು, ಅರ, ಮರಳುಕಾಗದಗಳಿವೆ. ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಸ್ವಿಚ್ಚು, ಫ್ಯೂಸು, 12 ವೋಲ್ಟಿನ ಅಡಾಪ್ಟರುಗಳಿವೆ. ಬಡಗಿಯ ಅಂಗಳದಲ್ಲಿ ಹಲಗೆಯ ತುಂಡೂ ಮರದ ಹೊಟ್ಟೂ ಬಿದ್ದಿರುತ್ತವೆ. ಹೊಟ್ಟಿಗೆ ಹಸಿರು ಬಣ್ಣ ಕೊಟ್ಟರೆ ಅದೇ ಹುಲ್ಲುಗಾವಲು. ತೋಟದಲ್ಲಿ ಅಡಿಕೆಯ ದಬ್ಬೆಯಿದೆ, ಹಾಳೆಯಿದೆ. ಕೆಂಪು ಚಿರೆಕಲ್ಲಿನ ಪುಡಿಯನ್ನು ಜರಡಿ ಹಿಡಿದರೆ ನಮ್ಮ ನೆಲದ ಬಣ್ಣವೇ ಮಾದರಿಗೆ ಬರುತ್ತದೆ. ಹೊರಗಿನಿಂದ ತರಿಸುವ ಯಾವ ಪೊಟ್ಟಣದಲ್ಲಿಯೂ ಈ ಬಣ್ಣ ದೊರೆಯಲಾರದು. ಆದರೆ ಪುಡಿಯನ್ನು ಹರಡುವ ಮೊದಲು ಅದರ ಮೇಲೆ ಒಂದು ಅಯಸ್ಕಾಂತವನ್ನು ಆಡಿಸಬೇಕು. ಅದಕ್ಕೆ ಅಂಟುವ ಕಬ್ಬಿಣದ ಕಣಗಳು ಮುಂದೆ ಮೋಟಾರಿನೊಳಗಿನ ಅಯಸ್ಕಾಂತಕ್ಕೂ ಅಂಟಿ ಅದನ್ನು ಕೆಡಿಸುತ್ತವೆ.

ನಮ್ಮ ಹವೆಯನ್ನು ಬಲ್ಲವನು ಊರಿನ ಅಂಗಡಿಕಾರನೇ. ಶಿರಸಿಯ ಸೀಮೆಯಲ್ಲಿ ಮಳೆಗಾಲದ ತಿಂಗಳುಗಳು ಗೋಡೆಯನ್ನೂ ಬೆವರಿಸುವಂತಹವು. ಉಕ್ಕಿನ ಹಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ವಿದ್ಯುತ್ತನ್ನು ಸರಿಯಾಗಿ ಹಾಯಗೊಡದು. ರೈಲು ನಿಂತು ನಿಂತು ಓಡುತ್ತದೆ. ಇದಕ್ಕೆ ಪರಿಹಾರ ನಿಕ್ಕಲ್ ಸಿಲ್ವರ್ ಎಂಬ ಮಿಶ್ರಲೋಹದ ಹಳಿ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರೊಳಗಿರುವುದು ತಾಮ್ರ, ನಿಕ್ಕಲ್, ಸತು ಮಾತ್ರ. ಉಕ್ಕಿನ ಹಳಿಯನ್ನು ಅಗ್ಗವೆಂದು ದೂರದಿಂದ ತರಿಸಿ, ಆಷಾಢದಲ್ಲಿ ಅದನ್ನು ಉಜ್ಜುತ್ತ ಕೂರುವುದಕ್ಕಿಂತ, ಸ್ವಲ್ಪ ಹೆಚ್ಚು ಕೊಟ್ಟು ಈ ಹಳಿಯನ್ನು ಕೊಳ್ಳುವುದು ಲೇಸು. ಮರದ ಹಲಗೆಯು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವುದರಿಂದ, ಹಳಿಗಳ ಸಂದಿನಲ್ಲಿ ಕಿಂಚಿತ್ ಎಡೆ ಬಿಡಬೇಕೆಂಬುದನ್ನು ನಮ್ಮ ಬಡಗಿ ಹೇಳಿಕೊಡಬಲ್ಲನು. ಬಾಗಿಲು ಚೌಕಟ್ಟುಗಳ ವಿಷಯದಲ್ಲಿ ಅವನು ಅನುದಿನವೂ ಎದುರಿಸುವ ಸಮಸ್ಯೆಯೇ ಇದು.

ಮಾದರಿಯಿಂದ ನಿಜವಾದ ರೈಲನ್ನು ಅರಿಯುವ ಬಗೆಗೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯದೇ ಆದ ಕ್ಯಾಸಲ್‌ರಾಕ್‌ನಿಂದ ಗೋವೆಯ ಕಡೆಗೆ ಇಳಿಯುವ ಘಟ್ಟದ ಹಳಿಯಲ್ಲಿ, 37 ಮೀಟರು ಸಾಗುವಷ್ಟರಲ್ಲಿ ಒಂದು ಮೀಟರು ಏರಿಳಿತವಿದೆ. ಕರಾವಳಿಯ ಕೊಂಕಣ ರೈಲ್ವೆಯಲ್ಲಾದರೋ ಅದು 150 ಮೀಟರಿಗೆ ಒಂದು ಮೀಟರಾಗಿರುವಂತೆ ಯೋಜಿಸಲಾಯಿತು. ನಿಮ್ಮ ಹಲಗೆಯ ಒಂದು ತುದಿಯನ್ನು ಮೀಟರಿಗೆ 27 ಮಿಲಿಮೀಟರಿನಂತೆ ಎತ್ತಿ ನೋಡಿರಿ: ಅದು ಕ್ಯಾಸಲ್‌ರಾಕ್ ಘಟ್ಟ. ಸುಮಾರು 7 ಮಿಲಿಮೀಟರಿನಂತೆ ಎತ್ತಿದರೆ ಕೊಂಕಣ ರೈಲ್ವೆ. ಎರಡನೆಯದನ್ನು ಸಲೀಸಾಗಿ ಏರಿದ ಎಂಜಿನು ಮೊದಲನೆಯದರಲ್ಲಿ ಗಾಲಿ ಜಾರಿ ನಿಂತರೆ, ಅದರೊಳಗೆ ಭಾರ ತುಂಬಬೇಕು. ಎಷ್ಟು? ಉದ್ದ 87ರಲ್ಲೊಂದಾದರೆ ಘನಗಾತ್ರವು 87ರ ಘನದಲ್ಲಿ, ಎಂದರೆ 6,58,503ರಲ್ಲಿ ಒಂದಾಗುತ್ತದೆ. 123 ಟನ್ ತೂಗುವ ಡಬ್ಲ್ಯೂಎಪಿ–7 ಎಂಜಿನಿನ ಮಾದರಿಯು ಈ ಲೆಕ್ಕದಂತೆ 187 ಗ್ರಾಮು ಮಾತ್ರ ತೂಗಬೇಕು. ಅದಕ್ಕೆ ಇನ್ನಷ್ಟು ಭಾರ ಸೇರಿಸಿ ಎಳೆತ ಹೇಗೆ ಹೆಚ್ಚುತ್ತದೆಂದು ನೋಡುವುದಕ್ಕೆ ಕಬ್ಬಿಣದಂಗಡಿಯ ಹತ್ತು ನಟ್ಟುಗಳು ಸಾಕು.

ಎಲ್ಲಕ್ಕಿಂತ ಮುಖ್ಯವಾದುದು ದುರಸ್ತಿ. ಎಂಜಿನು ಓಡದೆ ನಿಂತಾಗ ದೂರದ ಮಾರಾಟಗಾರನು ಹೆಚ್ಚೆಂದರೆ ಹೊಸತೊಂದನ್ನು ಕಳುಹಿಸಬಲ್ಲನು. ಪೇಟೆಯ ರೇಡಿಯೋ, ಟಿ.ವಿ., ಮೊಬೈಲ್ ದುರಸ್ತಿಯವನಾದರೋ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಹಳಿಗೆ ಮುಟ್ಟಿಸಿ, ಪ್ರವಾಹ ಎಲ್ಲಿಯವರೆಗೆ ಬಂದಿದೆ, ಎಲ್ಲಿ ಕಡಿದಿದೆ ಎಂಬುದನ್ನು ನಿಮ್ಮ ಕಣ್ಣೆದುರಿಗೇ ತೋರಿಸುತ್ತಾನೆ. ಕೆಟ್ಟುದನ್ನು ಹುಡುಕುವ ಆ ಕ್ರಮವೇ ವಿಜ್ಞಾನದ ಕ್ರಮ: ಊಹಿಸು, ಪರೀಕ್ಷಿಸು, ತಪ್ಪಿದ ಊಹೆಯನ್ನು ಬಿಡು. ಬೆಸುಗೆ ಹಾಕುವಾಗ ತವರ ಹೊಳೆದು ಹರಿಯಬೇಕೆಂಬುದನ್ನು ಅವನ ಕೈಯನ್ನು ನೋಡಿಯೇ ಕಲಿಯಬೇಕು. ಮನೆಯ 230 ವೋಲ್ಟಿನ ವಿದ್ಯುತ್ತನ್ನು ತಾವೇ ಬಿಚ್ಚಿ ಜೋಡಿಸುವ ಸಾಹಸಕ್ಕೆ ವಿದ್ಯಾರ್ಥಿಗಳು ಎಂದಿಗೂ ಕೈಹಾಕಬಾರದು. ಮುದ್ರೆಯುಳ್ಳ ಒಳ್ಳೆಯ ಅಡಾಪ್ಟರನ್ನೇ ಬಳಸಬೇಕು. ಈ ಎಚ್ಚರಿಕೆಯನ್ನು ಮುಖತಃ ಹೇಳುವವನೂ ಪರಿಚಯದ ಅಂಗಡಿಯವನೇ.

ಇಂತಹ ಅಂಗಡಿಗಳು ನಮ್ಮ ಕಣ್ಣೆದುರಿನಲ್ಲಿಯೇ ಸೊರಗಬಹುದು. ಅದರಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು ಆಲೋಚಿಸಬೇಕು. ಕೆಲವರು ಅಂಗಡಿಗೆ ಹೋಗಿ ಅರ್ಧ ಗಂಟೆ ವಸ್ತುವನ್ನು ತಿರುವಿ ನೋಡುತ್ತಾರೆ. ಯಾವುದು ಬಾಳಿಕೆ ಬರುತ್ತದೆಂದು ಕೇಳಿ ತಿಳಿಯುತ್ತಾರೆ. ಅನಂತರ ಮೆಟ್ಟಿಲಿಳಿದು, ಹತ್ತು ರೂಪಾಯಿ ಕಡಿಮೆಯೆಂದು ಅದನ್ನೇ ಅಂತರ್ಜಾಲದಲ್ಲಿ ಕೊಳ್ಳುತ್ತಾರೆ. ಆ ಅರ್ಧ ಗಂಟೆಯ ಬೋಧನೆಗೆ ಕೊಡಬೇಕಾದ ಶುಲ್ಕವೇ ಆ ಹತ್ತು ರೂಪಾಯಿ ಎಂಬುದು ನನ್ನ ಅಭಿಪ್ರಾಯ. ಗುರುದಕ್ಷಿಣೆಯನ್ನು ತಪ್ಪಿಸಿದ ವಿದ್ಯೆ ಹೆಚ್ಚು ದಿನ ದೊರೆಯುವುದಿಲ್ಲ. ಆದರೆ ಕರ್ತವ್ಯ ಗಿರಾಕಿಯ ಕಡೆಗಷ್ಟೇ ಇಲ್ಲ. ಕೇಳಿದ ಹುಡುಗನನ್ನು "ಅದೆಲ್ಲ ಇಲ್ಲಿ ಸಿಗುವುದಿಲ್ಲ" ಎಂದು ಸಾಗಹಾಕುವ ವ್ಯಾಪಾರಿಯು ಮರುದಿನ ಗಿರಾಕಿಯಿಲ್ಲವೆಂದು ಕೊರಗಬಾರದು. "ಇಲ್ಲ, ತರಿಸಿಕೊಡುತ್ತೇನೆ" ಎಂದು ಅವನು ಹೇಳಬೇಕು.

ಈ "ತರಿಸಿಕೊಡುತ್ತೇನೆ" ಎಂಬ ಮಾತಿನಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಒಬ್ಬೊಬ್ಬ ಬೆಳೆಗಾರನು ತನ್ನ ಒಂದೊಂದು ಮೂಟೆ ಅಡಿಕೆಯೊಡನೆ ವ್ಯಾಪಾರಿಯ ಎದುರು ನಿಂತರೆ ಬಲವಿಲ್ಲವೆಂಬುದನ್ನು ಈ ಸೀಮೆಯ ತೋಟಿಗರು ನೂರು ವರ್ಷಗಳ ಹಿಂದೆಯೇ ಕಂಡುಕೊಂಡರು. 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸಹಕಾರಿ ಮಾರಾಟ ಸಂಘ ಹುಟ್ಟಿದ್ದು ಆ ಅರಿವಿನಿಂದ. ಮಾರುವುದರಲ್ಲಿ ಹಿರಿಯರು ಮಾಡಿದುದನ್ನು ಕೊಳ್ಳುವುದರಲ್ಲಿ ಕಿರಿಯರೇಕೆ ಮಾಡಬಾರದು? ಶಾಲೆಯ ಅಥವಾ ಕಾಲೇಜಿನ ವಿಜ್ಞಾನ ಸಂಘದ ಹತ್ತು ಮಂದಿ ವಿದ್ಯಾರ್ಥಿ ವಿದ್ಯಾರ್ಥಿನಿಯರು ತಮಗೆ ಬೇಕಾದ ಗಾಲಿ, ಮೋಟಾರು, ಹಳಿಗಳ ಪಟ್ಟಿಯನ್ನು ಒಂದುಗೂಡಿಸಿ, ಊರಿನ ಒಬ್ಬ ವಿದ್ಯುತ್ ಸಾಮಾನಿನ ವ್ಯಾಪಾರಿಯ ಮೂಲಕ ಒಂದೇ ಪೊಟ್ಟಣದಲ್ಲಿ ತರಿಸಲಿ. ಸಾಗಣೆ ವೆಚ್ಚ ಹತ್ತು ಪಾಲಾಗುತ್ತದೆ. ವ್ಯಾಪಾರಿಗೆ ನ್ಯಾಯವಾದ ಲಾಭವೂ, ಮುಂದಿನ ಸಲ ನಾಲ್ಕು ಮೋಟಾರುಗಳನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವ ಧೈರ್ಯವೂ ಬರುತ್ತವೆ. ಅಟಲ್ ಟಿಂಕರಿಂಗ್ ಪ್ರಯೋಗಾಲಯವುಳ್ಳ ಶಾಲೆಗಳು ಮೂರು ಆಯಾಮದ ಮುದ್ರಣಯಂತ್ರದಲ್ಲಿ ಡಬ್ಬಿಯ ಮೈಯನ್ನೇ ಅಚ್ಚುಹಾಕಿ ನೆರೆಯ ಶಾಲೆಗಳಿಗೂ ಒದಗಿಸಬಹುದು.

ನೇರವಾಗಿ ಅಂತರ್ಜಾಲದಿಂದಲೇ ತರಿಸಬೇಕಾಗಿ ಬಂದಾಗ ತಮ್ಮ ಹಕ್ಕುಗಳನ್ನು ತಿಳಿದಿರುವುದು ಒಳ್ಳೆಯದು. 2020ರ ಇ–ವಾಣಿಜ್ಯ ನಿಯಮಗಳಂತೆ, ಮಾರುವವನು ಯಾರು, ವಸ್ತು ಯಾವ ದೇಶದ್ದು, ಮರಳಿಸುವ ಕರಾರೇನು ಎಂಬುದನ್ನು ಗಿರಾಕಿಗೆ ತಿಳಿಸಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ಕೊಂಡವನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದೆಂದು ವಿಧಿಸಿದೆ; ಮಾರಿದವನ ಊರಿಗೆ ಅಲೆಯಬೇಕಾಗಿಲ್ಲ. ಪೊಟ್ಟಣವನ್ನು ಬಿಚ್ಚುವಾಗ ಚಿತ್ರ ತೆಗೆದಿಟ್ಟುಕೊಳ್ಳುವುದೂ ರಸೀದಿಯನ್ನು ಕಾಪಾಡುವುದೂ ಬುದ್ಧಿವಂತರ ಲಕ್ಷಣ.

ಒಟ್ಟಿನಲ್ಲಿ ಹೇಳುವುದಾದರೆ, ನಯವಾದ ಯಂತ್ರಭಾಗಗಳು ದೂರದಿಂದ ಬರಲಿ. ಹಲಗೆ, ಮಣ್ಣು, ತಂತಿ, ಭಾರ, ಬೆಸುಗೆ, ಬುದ್ಧಿಮಾತು ಇವೆಲ್ಲ ಊರಿನಿಂದಲೇ ದೊರೆಯಲಿ. ದೂರದಿಂದ ಬರುವುದೂ ಸಾಧ್ಯವಾದಷ್ಟು ಊರಿನವನ ಕೈಯ ಮೂಲಕವೇ ಬರಲಿ. ನಿಜವಾದ ರೈಲು ಈ ಪೇಟೆಗಳಿಗೆ ಬರುವುದೋ ಇಲ್ಲವೋ, ಬಂದರೆ ಯಾವ ಬೆಟ್ಟವನ್ನು ಕೊರೆದು ಯಾವ ಕಾಡನ್ನು ಉಳಿಸಿ ಬರಬೇಕು ಎಂಬುದನ್ನು ನಾಳೆ ತೀರ್ಮಾನಿಸಬೇಕಾದವರು ಇಂದಿನ ವಿದ್ಯಾರ್ಥಿಗಳು. ಮೀಟರಿಗೆ 27 ಮಿಲಿಮೀಟರು ಏರಲು ಎಂಜಿನು ಎಷ್ಟು ಹೆಣಗುತ್ತದೆಂದು ಸ್ವಂತ ಕೈಯಿಂದ ಅರಿತವನು ಆ ಚರ್ಚೆಯಲ್ಲಿ ಬರಿಯ ಕೂಗಾಟಕ್ಕೆ ಮರುಳಾಗಲಾರನು.